ಚಪ್ಪಲಿ ಜೆರಾಕ್ಸ್ ಮಾಡಿದ್ದು

ಹದಿನಾಲ್ಕು ವರ್ಷದಿಂದ ನನ್ನ ಕೆಲಸ ಮದುವೆ ಕಾಗದ, ಗೃಹಪ್ರವೇಶದ ಕಾಗದ, ಬ್ರಹ್ಮಕಲಶದ ಆಮಂತ್ರಣ, ನಡುವೆ ಒಂದೊಂದು ಚಿನ್ನದಂಗಡಿಯ ಫ್ಲೆಕ್ಸ್. ಮಂಗಳೂರಿನಲ್ಲಿ ಇದಕ್ಕೆ ಬರ ಇಲ್ಲ. ಎರಡು ಅಕ್ಷರದ ನಡುವೆ ಕೂದಲೆಳೆಯಷ್ಟು ಜಾಗ ಜಾಸ್ತಿಯಾದರೂ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಇದು ಜಂಬವಲ್ಲ, ಒಂದು ರೋಗ.

ಚಿಕ್ಕಮ್ಮನ ಮಗ ಕಾಲೇಜಿನ ಬ್ಯಾಂಡ್ ಒಂದರಲ್ಲಿ ಡ್ರಮ್ಸ್ ಬಾರಿಸುತ್ತಾನೆ. ಜುಲೈ ಕೊನೆಗೆ ಅವರದ್ದೊಂದು ಸಣ್ಣ ಶೋ ಇತ್ತು. "ಅಕ್ಕ, ಪೋಸ್ಟರ್ ಬೇಡ. ಒಂದು ಪಂಕ್ ಝೀನ್ ಮಾಡಿ ಕೊಡ್ತೀಯಾ? ಬಂದವರಿಗೆ ಹಂಚುವುದು" ಎಂದ. ಪಂಕ್ ಎಂದರೆ ಸಿಟ್ಟಿನ, ಗದ್ದಲದ ರಾಕ್ ಸಂಗೀತ. ಝೀನ್ ಎಂದರೆ ನಾವೇ ಬರೆದು, ಜೆರಾಕ್ಸ್ ಮಾಡಿ ಹಂಚುವ ಸಣ್ಣ ಪತ್ರಿಕೆ. ಸರಿ, ಅದೆಂತ ದೊಡ್ಡದು ಎಂದುಕೊಂಡು ಒಪ್ಪಿದೆ.

ಮೊದಲ ಸಲ ಮಾಡಿದ್ದು ಕಂಪ್ಯೂಟರಿನಲ್ಲೇ. ಹರಿದ ಕಾಗದದ ಚಿತ್ರ ಇಳಿಸಿಕೊಂಡೆ, ಟೈಪ್‌ರೈಟರ್ ಥರದ ಫಾಂಟ್ ಹಾಕಿದೆ, ಮೇಲಿಂದ ಮಸಿ ಚೆಲ್ಲಿದ ಹಾಗೆ ಒಂದು ಪದರ. ಆರು ಗಂಟೆ ಕೂತಿದ್ದೆ. ತಮ್ಮ ನೋಡಿದ, ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಚೆಂದ ಉಂಟು ಅಕ್ಕ. ಆದರೆ ಮದುವೆ ಕಾಗದವನ್ನು ಯಾರೋ ಸಿಟ್ಟಲ್ಲಿ ಹರಿದು ಹಾಕಿದ ಹಾಗೆ ಉಂಟು" ಎಂದ.

ಸಿಟ್ಟು ಬಂತು. ಮತ್ತೆ ನೋಡಿದರೆ ಅವನು ಹೇಳಿದ್ದು ಸರಿಯೇ. ಮೂರು ಪುಟದಲ್ಲಿ ಕಾಗದ ಹರಿದದ್ದು ಒಂದೇ ಥರ, ಒಂದೇ ಜಾಗದಲ್ಲಿ ಅದೇ ಮೂಲೆ. ಓರೆ ಇಟ್ಟ ತಲೆಬರಹಗಳೆಲ್ಲ ಸರಿಯಾಗಿ ಏಳೇ ಡಿಗ್ರಿ ಓರೆ. ಅಸ್ತವ್ಯಸ್ತವನ್ನೂ ನಾನು ಸಾಲಾಗಿ ಜೋಡಿಸಿ ಇಟ್ಟಿದ್ದೆ.

ಆ ಫೈಲ್ ಅಲ್ಲಿಗೇ ಬಿಟ್ಟೆ. ಕಂಪ್ಯೂಟರ್ ಮುಟ್ಟುವುದಿಲ್ಲ, ಕತ್ತರಿ, ಅಂಟು, ಪೆನ್ನು ಮತ್ತು ಜೆರಾಕ್ಸ್ ಅಂಗಡಿ ಮಾತ್ರ ಎಂದು ತೀರ್ಮಾನ ಮಾಡಿದೆ.

ಈ ಪಂಕ್ ಝೀನ್‌ಗಳು ಹುಟ್ಟಿದ್ದೂ ಹಾಗೆಯೇ. 1976ರ ಜುಲೈಯಲ್ಲಿ ಲಂಡನ್ನಿನ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ ತನಗಿಷ್ಟದ ಬ್ಯಾಂಡುಗಳ ಬಗ್ಗೆ ಬರೆಯಲು 'ಸ್ನಿಫಿನ್ ಗ್ಲೂ' ಎಂಬ ಝೀನ್ ಶುರು ಮಾಡಿದ. ತಲೆಬರಹಕ್ಕೆ ದಪ್ಪ ಸ್ಕೆಚ್ ಪೆನ್, ಒಳಗೆ ಟೈಪ್‌ರೈಟರ್, ತಪ್ಪಾದಲ್ಲಿ ಅದರ ಮೇಲೆಯೇ ಹೊಡೆದು ಮುಂದೆ ಹೋಗುವುದು, ಆಮೇಲೆ ಜೆರಾಕ್ಸ್. ಮರುವರ್ಷವೇ ನಿಲ್ಲಿಸಿದ. ಅದರ ಪುಟಗಳನ್ನು ನೋಡುವಾಗ ನನಗೆ ಹೊಳೆದದ್ದು ಒಂದು ವಿಷಯ: ಅದು ಕುರೂಪ, ಆದರೆ ಪ್ರತಿ ಸಾಲೂ ಓದಲು ಬರುತ್ತದೆ. ಅವನಿಗೆ ಕುರೂಪ ಮಾಡುವ ಆಸೆ ಏನೂ ಇರಲಿಲ್ಲ. ಹೇಳಲಿಕ್ಕೆ ಅರ್ಜೆಂಟ್ ಇತ್ತು, ಅಷ್ಟೇ.

ನನಗೆ ಎಂತದ್ದು ಅರ್ಜೆಂಟ್? ಯೋಚಿಸಬೇಕಾಗಿ ಬರಲಿಲ್ಲ. ಜೂನ್ ಎರಡನೇ ವಾರ ಮನೆ ಹತ್ತಿರದ ಚರಂಡಿಯ ಚಪ್ಪಡಿ ಮೇಲೆ ಕಾಲಿಟ್ಟಿದ್ದೆ. ಚಪ್ಪಡಿ ಒಂದು ಕಡೆ ಎದ್ದಿತು, ಸಂದಿನಿಂದ ನೀರು ಮೊಣಕಾಲಿನವರೆಗೆ ಚಿಮ್ಮಿತು, ಎಡಗಾಲಿನ ಚಪ್ಪಲಿ ಸೀದಾ ಒಳಗೆ. ಬಗ್ಗಿ ನೋಡುವಷ್ಟರಲ್ಲಿ ಅದು ಸಮುದ್ರದ ದಾರಿ ಹಿಡಿದಿತ್ತು. ಒಂದು ಕಾಲಿನಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಕೈಯಲ್ಲಿ ಕೊಡೆ. ಅಷ್ಟರಲ್ಲಿ ಪಕ್ಕದಲ್ಲಿ ಹೋದ ಕಾರೊಂದು ಉಳಿದ ಅರ್ಧವನ್ನೂ ಒದ್ದೆ ಮಾಡಿತು. ಬಾಯಿಂದ ಬಂದದ್ದು ಮೂರೇ ಶಬ್ದ. ಅದೇ ಝೀನಿನ ಹೆಸರಾಯಿತು: ಎಂತ ಸಾವು ಮಾರಾಯ.

ಝೀನಿನ ವಿಷಯ ಮಳೆಗಾಲದಲ್ಲಿ ಈ ಊರಲ್ಲಿ ಕಾಲ್ನಡಿಗೆಯಲ್ಲಿ ಓಡಾಡುವುದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು, ಅದರಲ್ಲಿ ಹೆಚ್ಚಿನದೂ ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಆದರೂ ಪ್ರತಿ ವರ್ಷ ಮಳೆ ಬಂದಾಗ ಎಲ್ಲರೂ ಮನೆಗೆ ಹೇಳದೆ ಕೇಳದೆ ನೆಂಟರು ಬಂದ ಹಾಗೆ ಮಾಡುತ್ತೇವೆ.

ಅಕ್ಷರ ಹೆಕ್ಕುವುದು

ಲೆಕ್ಕ ಹೀಗೆ. ಎ4 ಹಾಳೆ ನಾಲ್ಕು, ನಡುವೆ ಮಡಚಿದರೆ ಎ5 ಅಳತೆಯ ಹದಿನಾರು ಪುಟ. ಮೊದಲು ನಾಲ್ಕು ಖಾಲಿ ಹಾಳೆ ಮಡಚಿ, ಪೆನ್ಸಿಲಿನಲ್ಲಿ 1ರಿಂದ 16 ನಂಬರ್ ಹಾಕಿ, ಬಿಡಿಸಿ ನೋಡಿದೆ. 16ರ ಪಕ್ಕ 1, ಅದರ ಹಿಂದೆ 2 ಮತ್ತು 15. ಯಾವ ಜೋಡಿ ಕೂಡಿಸಿದರೂ 17. ಇಷ್ಟು ವರ್ಷ ಇದನ್ನು ಸಾಫ್ಟ್‌ವೇರ್ ಮಾಡುತ್ತಿತ್ತು, ನಾನು ಬಟನ್ ಒತ್ತುತ್ತಿದ್ದೆ. ಈ 17ರ ವಿಷಯ ನನಗೆ ಗೊತ್ತೇ ಇರಲಿಲ್ಲ ಎಂದು ಹೇಳಲು ಸ್ವಲ್ಪ ನಾಚಿಕೆ.

ಮುಖಪುಟಕ್ಕೆ ಪೇಪರಿನಿಂದ ಅಕ್ಷರ ಕತ್ತರಿಸಿ ಅಂಟಿಸುವುದೆಂದು ಮೊದಲೇ ತೀರ್ಮಾನ. ಸೆಕ್ಸ್ ಪಿಸ್ಟಲ್ಸ್ ಎಂಬ ಲಂಡನ್ನಿನ ಪಂಕ್ ಬ್ಯಾಂಡಿಗೆ ಕಲಾವಿದ ಜೇಮಿ ರೀಡ್ ಮಾಡಿದ್ದು ಅದೇ ಥರ, ಅಪಹರಣಕಾರರು ಕಳಿಸುವ ಚೀಟಿಯ ಹಾಗೆ. ಇಂಗ್ಲಿಷಿನವರಿಗೆ ಅದು ಸುಲಭ. ಇಪ್ಪತ್ತಾರು ಅಕ್ಷರ ಕತ್ತರಿಸಿ ಡಬ್ಬಿಗೆ ಹಾಕಿದರೆ ಮುಗಿಯಿತು. ಕನ್ನಡದಲ್ಲಿ ಕೂತು ನೋಡಿ ಗೊತ್ತಾಗುತ್ತದೆ. 'ಕ' ಸಿಕ್ಕಿದರೆ ಸಾಲದು, 'ಕಾ' ಬೇಕು, 'ಕೂ' ಬೇಕು, 'ಕ್ಕಿ' ಬೇಕು. ಬೇಕಾದ ಗುಣಿತ ಬೇಕಾದ ದಪ್ಪದಲ್ಲಿ ಸಿಗುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ.

ಅಮ್ಮ ರದ್ದಿಗೆಂದು ಕಟ್ಟಿಟ್ಟ ಮೂರು ತಿಂಗಳ ಪೇಪರನ್ನು ನೆಲದ ಮೇಲೆ ಹರಡಿ ಕೂತೆ. ಸುದ್ದಿಯ ತಲೆಬರಹಗಳ ಅಕ್ಷರ ಈಗ ತೆಳು. ದಪ್ಪ, ಗಟ್ಟಿ ಅಕ್ಷರ ಇರುವುದು ಜಾಹೀರಾತುಗಳಲ್ಲಿ. 'ಮಾರಾಟಕ್ಕಿದೆ' ಎಂಬುದರಿಂದ 'ಮಾರಾ' ಇಡಿಯಾಗಿಯೇ ಸಿಕ್ಕಿತು. ಅದರ ಪಕ್ಕಕ್ಕೆ 'ಯಕ್ಷಗಾನ'ದ 'ಯ'. 'ಸಾ' ಬಂದದ್ದು 'ಸಾಲ ಸೌಲಭ್ಯ'ದಿಂದ, 'ವು' ಬಂದದ್ದು 'ಮಂಡಿ ನೋವು' ಎಂಬ ಎಣ್ಣೆಯ ಜಾಹೀರಾತಿನಿಂದ. ಸಾಲ ಮತ್ತು ನೋವು ಸೇರಿದರೆ ಸಾವು! ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ. ನೆಲದ ಮೇಲೆ ಕೂತು ಒಬ್ಬಳೇ ನಕ್ಕೆ. ಅಮ್ಮ ಒಳಗಿಂದ "ಎಂತಾಯ್ತು?" ಎಂದು ಕೇಳಿದರು.

'ಎಂ'ಗೆ ಸೊನ್ನೆ ಬೇಕಿತ್ತು. ಚಿನ್ನದ ದರದ ಜಾಹೀರಾತಿನಲ್ಲಿ ಸೊನ್ನೆಗೇನು ಕಡಿಮೆ? ಅಲ್ಲಿಂದ ಒಂದು ತೆಗೆದೆ. ಹಾಗೆ ಒಂದೊಂದೇ ಉಪಾಯ ಹೊಳೆಯುತ್ತಾ ಹೋಯಿತು. ಅರ್ಕಾವತ್ತು ಬೇಕಾದರೆ ಪಂಚಾಂಗದ ಕ್ಯಾಲೆಂಡರಿನ ಕನ್ನಡದ ಒಂಬತ್ತು ಸಾಕು, ನೋಡಲು ಎರಡೂ ಒಂದೇ. 'ಧ' ಸಿಗದಿದ್ದರೆ 'ದ'ದ ಹೊಟ್ಟೆಯ ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಒಂದು ಗೀಟು ಎಳೆದರಾಯಿತು.

ಒತ್ತಕ್ಷರದ್ದು ಇನ್ನೂ ಮಜಾ. ಪ, ದ, ಗ, ಚ, ಡ ಇವುಗಳ ಒತ್ತು ಬೇಕಾದರೆ ಅದೇ ಅಕ್ಷರವನ್ನು ಸಣ್ಣ ಅಳತೆಯಲ್ಲಿ ಹುಡುಕಿ, ಕತ್ತರಿಯ ತುದಿಯಿಂದ ತಲೆಕಟ್ಟು ಹಾರಿಸಿದರೆ ಮುಗಿಯಿತು. ತಲೆ ಹೋದರೆ ಅದು ಒತ್ತು. ಆದರೆ ತ, ನ, ಮ, ಯ, ರ, ಲ ಈ ಆಟಕ್ಕೆ ಬರುವುದಿಲ್ಲ. ಅವುಗಳ ಒತ್ತಿನ ರೂಪವೇ ಬೇರೆ, ಎಲ್ಲಿಂದಲಾದರೂ ಕದಿಯಲೇಬೇಕು. ಒಂದನೇ ಕ್ಲಾಸಿನಲ್ಲಿ ಕಲಿತ ವಿಷಯ. ಹದಿನಾಲ್ಕು ವರ್ಷ ಕನ್ನಡ ಅಕ್ಷರ ಜೋಡಿಸಿ ಹೊಟ್ಟೆ ಹೊರೆದವಳಿಗೆ ಇದು ಬೆರಳಿಗೆ ಗೊತ್ತಾದದ್ದು ಮೊನ್ನೆ.

ಏಳನೇ ಪುಟಕ್ಕೆ 'ಚಪ್ಪಲಿ ಕಾಣೆಯಾಗಿದೆ' ಎಂಬ ಪ್ರಕಟಣೆ. 'ಚರ್ಮರೋಗ'ದ ಚ, 'ಪರಿಹಾರ'ದ ಪ, 'ಕೂಲಿ'ಯ ಲಿ. ಪಕಾರದ ಒತ್ತಿಗೆ ಒಂದು ಹಪ್ಪಳದ ಜಾಹೀರಾತಿನಿಂದ ಸಣ್ಣ ಅಕ್ಷರ ತೆಗೆದು ತಲೆ ಹಾರಿಸಿದೆ. ಕಿರುಬೆರಳಿನ ಉಗುರಿಗಿಂತ ಸಣ್ಣದು. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಅಂಟು, ಪೆನ್ನು, ನೀಲಿ ಪೆನ್ಸಿಲ್

ಬಿಳಿ ಗಮ್ ಹಚ್ಚಿದರೆ ನ್ಯೂಸ್‌ಪ್ರಿಂಟ್ ಹಪ್ಪಳದ ಹಾಗೆ ಉಬ್ಬುತ್ತದೆ. ಗ್ಲೂ ಸ್ಟಿಕ್ ಒಳ್ಳೆಯದು, ಆದರೆ ಜುಲೈಯಲ್ಲಿ ಅದೂ ಒಣಗುವುದಿಲ್ಲ. ರಾತ್ರಿ ಅಂಟಿಸಿದ ತುಂಡು ಬೆಳಿಗ್ಗೆ ಬೆರಳು ತಾಗಿದರೆ ಜಾರುತ್ತಿತ್ತು. ಕೊನೆಗೆ ಹಾಳೆಗಳನ್ನು ಹಳೆ ಪೇಪರಿನ ನಡುವೆ ಇಟ್ಟು, ಮೇಲೆ ಅಕ್ಕಿ ಡಬ್ಬ ಹೇರಿದೆ. ಸುಮಾರಾಗಿ ನಿಂತಿತು.

ಅಂಟಿಸಿದ ತುಂಡುಗಳ ಅಂಚು ಜೆರಾಕ್ಸಿನಲ್ಲಿ ಗೆರೆಯಾಗಿ ಬರುತ್ತದೆ. ಅದು ನೆರಳು. ವೈಟ್ನರ್ ಬಳಿದರೆ ಹೋಗುತ್ತದೆ. ಮೊದಲ ಎರಡು ಪುಟದಲ್ಲಿ ನಾನು ಒಂದೊಂದು ಅಂಚಿಗೂ ವೈಟ್ನರ್ ಬಳಿಯುತ್ತಾ ಕೂತಿದ್ದೆ. ನನ್ನನ್ನು ನಾನೇ ಹಿಡಿದದ್ದು ಎರಡನೇ ಪುಟದ ಅರ್ಧದಲ್ಲಿ. ಇದು ಅದೇ ಹಳೇ ರೋಗ, ಬಾಟ್ಲಿ ಮಾತ್ರ ಬೇರೆ. ವೈಟ್ನರನ್ನು ಅಮ್ಮನ ಕೈಗೆ ಕೊಟ್ಟು, ಕೇಳಿದರೂ ಕೊಡಬೇಡಿ ಎಂದೆ. ಎರಡು ಸಲ ಕೇಳಿದೆ. ಕೊಡಲಿಲ್ಲ.

ಒಳಗಿನ ಬರಹಕ್ಕೆ ಏನು ಮಾಡುವುದು? ಅಷ್ಟನ್ನೂ ಕತ್ತರಿಸಿ ಅಂಟಿಸಲಿಕ್ಕೆ ಆಗುವುದಿಲ್ಲ. ಕನ್ನಡ ಟೈಪ್‌ರೈಟರ್ ಎಲ್ಲಿಂದ ತರುವುದು? ಉಳಿದದ್ದು ಕೈಬರಹ. ನನ್ನ ಕೈಬರಹ ಹತ್ತನೇ ಕ್ಲಾಸಿನ ನಂತರ ಬೆಳೆದೇ ಇಲ್ಲ. ಆ ವಾರವೇ ಜುಲೈ 1, ಪತ್ರಿಕಾ ದಿನಾಚರಣೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಆ ದಿನ ಇದೇ ಊರಿನಲ್ಲಿ ಹೊರತಂದದ್ದು. ಅದು ಕಲ್ಲಚ್ಚಿನದ್ದು. ಅಂದರೆ ಸೀಸದ ಮೊಳೆ ಜೋಡಿಸಿದ್ದಲ್ಲ, ಜಿಡ್ಡಿನ ಮಸಿಯಲ್ಲಿ ಕೈಯಿಂದ ಬರೆದದ್ದನ್ನೇ ಕಲ್ಲಿಗೆ ಇಳಿಸಿ, ಅಲ್ಲಿಂದ ಕಾಗದಕ್ಕೆ ಒತ್ತಿದ್ದು. ಕನ್ನಡದ ಪತ್ರಿಕೆ ಶುರುವಾದದ್ದೇ ಕೈಬರಹದಿಂದ ಎಂದ ಮೇಲೆ ನನಗೆಂತ ನಾಚಿಕೆ?

ಬರೆಯಲಿಕ್ಕೆ ಕಪ್ಪು ಮಾರ್ಕರ್ ಮತ್ತು ಕಪ್ಪು ಜೆಲ್ ಪೆನ್. ಸಾಲು ನೇರ ಬರಲಿಕ್ಕೆ ತಿಳಿನೀಲಿ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡೆ. ತಿಳಿನೀಲಿ ಜೆರಾಕ್ಸಿನ ಕಣ್ಣಿಗೆ ಬೀಳುವುದಿಲ್ಲ. ಕಂಪ್ಯೂಟರ್ ಬರುವ ಮುಂಚೆ ಪ್ರೆಸ್ಸಿನಲ್ಲಿ ಪುಟ ಅಂಟಿಸುತ್ತಿದ್ದವರ ಹಳೇ ಯುಕ್ತಿ ಇದು. ಒಂದೇ ಷರತ್ತು, ಮೆಶಿನನ್ನು ಫೋಟೋ ಮೋಡಿಗೆ ಹಾಕಬಾರದು, ಟೆಕ್ಸ್ಟ್ ಮೋಡಿನಲ್ಲೇ ಇಡಬೇಕು. ಹೌದು, ಸಾಲು ನೇರ ಮಾಡಿದೆ. ಎಲ್ಲ ಚಟವನ್ನೂ ಒಂದೇ ದಿನ ಬಿಡಲಿಕ್ಕೆ ಆಗುತ್ತದಾ?

ಬರೆದದ್ದು ಎಂತದ್ದು ಎಂದರೆ: ಕೆಸರು ಹಾರಿಸುವ ಕಾರಿನವರಿಗೊಂದು ಬಹಿರಂಗ ಪತ್ರ. ನಮ್ಮ ಬೀದಿಯ ಹನ್ನೊಂದು ಚಪ್ಪಡಿಗಳ ಪಟ್ಟಿ, ಯಾವುದು ಎಷ್ಟು ಅಲುಗಾಡುತ್ತದೆ, ಯಾವ ಮೂಲೆಗೆ ಕಾಲಿಟ್ಟರೆ ಬದುಕಬಹುದು ಎಂಬ ಚಿತ್ರದೊಂದಿಗೆ. ಬಸ್ಸಿನೊಳಗೆ ಒದ್ದೆ ಕೊಡೆ ಎಲ್ಲಿ ಇಡಬೇಕು ಎಂಬ ಬಗ್ಗೆ ಅರ್ಧ ಪುಟದ ಜಗಳ. "ದುಂಬು ಪೋಲೆ, ದುಂಬು ಪೋಲೆ" (ತುಳುವಿನಲ್ಲಿ 'ಮುಂದೆ ಹೋಗಿ') ಎಂದು ಮಾತ್ರ ಬರೆದ ಒಂದು ಪುಟ, ಪುಟದ ತುದಿಗೆ ಹೋದಷ್ಟೂ ಅಕ್ಷರ ಒಂದರ ಮೇಲೊಂದು ಒತ್ತಿಕೊಂಡು. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಸಂಜೆ ಆರಕ್ಕೆ ಸಿಟಿ ಬಸ್ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾಜಿನ ಮೇಲೆ

ಹಂಪನಕಟ್ಟೆಯ ಹತ್ತಿರ ನಾನು ಯಾವಾಗಲೂ ಹೋಗುವ ಜೆರಾಕ್ಸ್ ಅಂಗಡಿ ಒಂದಿದೆ. ಅಣ್ಣ ಒಬ್ಬರು ಮತ್ತು ಸಹಾಯಕ್ಕೆ ಒಬ್ಬ ಹುಡುಗ. ಬ್ಯಾಗಿನಿಂದ ಬಲಗಾಲಿನ ಚಪ್ಪಲಿ ತೆಗೆದು ಕೌಂಟರ್ ಮೇಲೆ ಇಟ್ಟೆ. ತೊಳೆದು ಒರೆಸಿ ತಂದದ್ದು.

"ಅಕ್ಕ, ಎದುರಿಗೆ ಚಪ್ಪಲಿ ರಿಪೇರಿ ಉಂಟು" ಎಂದರು ಅಣ್ಣ.

"ರಿಪೇರಿ ಅಲ್ಲ. ಇದರ ಜೆರಾಕ್ಸ್ ಬೇಕು."

ಅವರು ನನ್ನ ಮುಖ ನೋಡಿದರು, ಚಪ್ಪಲಿ ನೋಡಿದರು. "ಎರಡೂ ಬದಿಯಾ?" ಎಂದು ಕೇಳಿದರು.

ಗಾಜಿಗೆ ಗೀರು ಬೀಳಬಾರದೆಂದು ಒಂದು ಒಎಚ್‌ಪಿ ಶೀಟ್, ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಹಾಸಿ, ಅದರ ಮೇಲೆ ಚಪ್ಪಲಿ ಇಟ್ಟೆವು. ಮುಚ್ಚಳ ತೆರೆದೇ ಇಡಬೇಕು. ಆಗ ಬೆಳಕು ವಾಪಸ್ ಬರುವುದಿಲ್ಲ, ಹಿನ್ನೆಲೆ ಪೂರ್ತಿ ಕಪ್ಪಾಗಿ ಬರುತ್ತದೆ. ಕಪ್ಪಿನ ನಡುವೆ ಸವೆದ ಅಟ್ಟೆ, ಹಿಮ್ಮಡಿಯ ಹತ್ತಿರ ತೂತು, ಬಾರಿನ ಮೂರು ಗುಬ್ಬಿ. ಕಾಣೆಯಾದದ್ದು ಎಡಗಾಲಿನದ್ದು, ನನ್ನ ಹತ್ತಿರ ಉಳಿದದ್ದು ಬಲಗಾಲಿನದ್ದು ಎಂದು ಚಿಂತೆ ಇತ್ತಲ್ಲ, ಅದೂ ತಾನಾಗಿ ಪರಿಹಾರವಾಯಿತು. ಮೆಶಿನ್ ನೋಡುವುದು ಕೆಳಗಿನಿಂದ. ಕೆಳಗಿನಿಂದ ನೋಡಿದರೆ ಬಲಗಾಲಿನ ಚಪ್ಪಲಿ ಎಡಗಾಲಿನ ಆಕಾರದಲ್ಲೇ ಕಾಣುತ್ತದೆ.

ಆಮೇಲೆ ಹುರುಪು ಬಂತು. ಕೊಡೆಯ ಬಟ್ಟೆ ಇಟ್ಟೆವು. ದೀಪ ಹಾದುಹೋಗುವಾಗ ಕೊಡೆಯನ್ನು ಮೆಲ್ಲ ಎಳೆದರೆ ಚಿತ್ರ ಉದ್ದಕ್ಕೆ ಕರಗಿದ ಹಾಗೆ ಬರುತ್ತದೆ, ನಿಧಾನ ಎಳೆದರೆ ಒಂಥರ, ಜರ್ಕ್ ಕೊಟ್ಟರೆ ಇನ್ನೊಂಥರ. ಆರನೇ ಸಲಕ್ಕೆ ಅಣ್ಣ, "ಅಕ್ಕ, ಕಪ್ಪು ಜಾಸ್ತಿ. ಟೋನರ್‌ಗೆ ನನ್ನ ಹೆಂಡತಿಯ ಬಳೆ ಇಡಬೇಕಾಗ್ತದೆ" ಎಂದರು. ನಿಲ್ಲಿಸಿದೆವು.

ಅನಾಹುತ ಆದದ್ದು ಮರುದಿನ. ಎಂಟು ಮೂಲಪ್ರತಿಗಳನ್ನು ಕೊಟ್ಟು, ನಾನು ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದೆ. ಹುಡುಗ ಪಾಪ, ಎಲ್ಲರ ಕಾಗದ ಹಾಕುವ ಹಾಗೆಯೇ ಮೇಲಿನ ಫೀಡರಿಗೆ ಇಟ್ಟುಬಿಟ್ಟ. ಅಂಟಿಸಿದ ಹಾಳೆಯನ್ನು ಫೀಡರಿಗೆ ಹಾಕಲೇಬಾರದು, ಒಂದೊಂದಾಗಿ ಗಾಜಿನ ಮೇಲೆ ಕೈಯಿಂದಲೇ ಇಡಬೇಕು. ನಾನು ಹೇಳಬೇಕಿತ್ತು, ಹೇಳಲಿಲ್ಲ. 6 ಮತ್ತು 11ನೇ ಪುಟದ ಹಾಳೆ ಒಳಗೆ ಹೋಗಿ ಕೊಳಲಿನ ಹಾಗೆ ಸುತ್ತಿಕೊಂಡಿತು. ರೋಲರಿಗೆ 'ಕೊಡೆ' ಎಂಬ ಪದ ಅಂಟಿತ್ತು. ಅಣ್ಣ ಅರ್ಧ ಗಂಟೆ ಚಿಮಟ ಹಿಡಿದು ಕೂತರು.

ಹೊರಗೆ ಬಂದ ಹಾಳೆ ಮೂರು ತುಂಡು. ತಮ್ಮನಿಗೆ ಫೋಟೋ ಕಳಿಸಿದೆ. "ಸೂಪರ್ ಅಕ್ಕ! ಹಾಗೇ ಇಡು, ಅದೇ ಪಂಕ್" ಎಂದ. ಸೆಲೋಟೇಪ್ ಹಾಕಿ ಕಾಪಿ ತೆಗೆದು ನೋಡಿದೆ. ನೋಡಲು ಭರ್ಜರಿ. ಆದರೆ ಆ ಬಹಿರಂಗ ಪತ್ರದ ಎಂಟು ಸಾಲು ಓದಲಿಕ್ಕೇ ಬರುವುದಿಲ್ಲ. ಕಾರಿನವನಿಗೆ ಬೈದದ್ದು ಕಾರಿನವನಿಗೆ ಗೊತ್ತಾಗದಿದ್ದರೆ ಮತ್ತೆ ಯಾಕೆ ಬೈಯುವುದು? ಮನೆಗೆ ಬಂದು ಇಡೀ ಹಾಳೆ ಮತ್ತೆ ಬರೆದೆ. ತಮ್ಮ ಇವತ್ತಿಗೂ ಒಪ್ಪುವುದಿಲ್ಲ. "ನಿನಗೆ ಕ್ಲೀನ್ ಬೇಕು, ಅಷ್ಟೇ" ಎನ್ನುತ್ತಾನೆ. ಇರಬಹುದು. ನನಗೆ ಬೇಕಾದದ್ದು ಓದುವ ಹಾಗಿರುವುದು. ಹರಿದದ್ದು ಹರಿದದ್ದೇ, ಅದಕ್ಕೆ ಹೆಸರು ಕೊಟ್ಟ ಕೂಡಲೇ ಚೆಂದ ಆಗುವುದಿಲ್ಲ.

ಇನ್ನು ಕಾಪಿ ತೆಗೆಯುವುದು. 60 ಪ್ರತಿ, ತಲಾ ನಾಲ್ಕು ಹಾಳೆ, ಎರಡು ಬದಿ. 240 ಹಾಳೆ, 480 ಕಾಪಿ. ಬದಿಗೆ ಒಂದೂವರೆ ರೂಪಾಯಿಯಂತೆ ಮಾತಾಡಿ 720 ರೂಪಾಯಿ. ಹೊರಗಿನ ಹಾಳೆಗೆ ಗುಲಾಬಿ ಕಾಗದ. ಹಿಂದೆ ಯಕ್ಷಗಾನದ ಹ್ಯಾಂಡ್‌ಬಿಲ್ ಬರುತ್ತಿತ್ತಲ್ಲ, ಗುಲಾಬಿ, ಹಳದಿ, ಹಸಿರು ತೆಳು ಕಾಗದದಲ್ಲಿ ಒಂದೇ ಬಣ್ಣದ ಮಸಿ, ಆ ಗುಲಾಬಿ. ಅಷ್ಟು ತೆಳು ಕಾಗದ ಮೆಶಿನ್ ಒಳಗೆ ಹೋದರೆ ಹೊರಗೆ ಬರುವುದಿಲ್ಲ. ಅದಕ್ಕೆ ರಥಬೀದಿಯ ಸ್ಟೇಷನರಿ ಅಂಗಡಿಯಿಂದ ಸಾಮಾನ್ಯ ದಪ್ಪದ ಕಲರ್ ಎ4 ತಂದೆ.

ಮಳೆ ಬಿಡಲಿಲ್ಲ. ಜೆರಾಕ್ಸ್ ಎಂಬ ಹೆಸರು ಬಂದದ್ದು ಗ್ರೀಕಿನಲ್ಲಿ 'ಒಣ' ಎಂಬ ಅರ್ಥದ ಶಬ್ದದಿಂದ. ಒದ್ದೆ ಮಸಿ ಇಲ್ಲದೆ, ಒಣಪುಡಿಯಿಂದ ಬರೆಯುವುದು. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಕಾಪಿ ತೆಗೆದಾಗ ಮಂಗಳೂರಿನ ಜುಲೈ ತಿಂಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಕ್ಕಿಲ್ಲ. ಒಳಗಿನ ಡ್ರಮ್ಮಿನ ಮೇಲೆ ವಿದ್ಯುತ್ತಿನ ಸೆಳೆತದಿಂದ ನಿಂತ ಪುಡಿ, ಅದೇ ಸೆಳೆತದಿಂದ ಕಾಗದಕ್ಕೆ ಹಾರಬೇಕು. ಕಾಗದ ತಣ್ಣಗೆ ಥಂಡಿ ಹಿಡಿದಿದ್ದರೆ ಆ ಸೆಳೆತ ಸೋರಿಹೋಗುತ್ತದೆ, ಕಪ್ಪು ಜಾಗದಲ್ಲಿ ಬಿಳಿ ಮಚ್ಚೆ ಬೀಳುತ್ತದೆ. ಅದು ದಾಟಿ ಬಿಸಿ ರೋಲರಿಗೆ ಹೋದರೆ ಹಾಳೆ ಸುರುಳಿ ಸುತ್ತಿ ಸಿಕ್ಕಿಹಾಕಿಕೊಳ್ಳುತ್ತದೆ. ನನ್ನ ಗುಲಾಬಿ ಕಾಗದಕ್ಕೆ ಎರಡೂ ಆಯಿತು. ಅಣ್ಣನ ಹತ್ತಿರ ಇದಕ್ಕೆ ಔಷಧ ಇತ್ತು: ಮರದ ಸಣ್ಣ ಕಪಾಟು, ಒಳಗೆ ಹಗಲು ರಾತ್ರಿ ಉರಿಯುವ ಒಂದು ಹಳೇ ಬಲ್ಬ್. ಕಾಗದವನ್ನು ಅದರೊಳಗೆ ಒಂದು ರಾತ್ರಿ ಇಟ್ಟರು. ಮರುದಿನ ಹಾಳೆಗಳು ಸರಸರ ಹೋದವು.

ಹನ್ನೊಂದು ಹಾಳೆ ಹಿಂಬದಿ ತಲೆಕೆಳಗಾಗಿ ಬಂತು. ಅಡ್ಡ ಹಾಳೆಗೆ ಗಿಡ್ಡ ಅಂಚಿನಲ್ಲಿ ಮಗುಚಬೇಕು, ಸೆಟ್ಟಿಂಗ್ ಉದ್ದ ಅಂಚಿನಲ್ಲಿತ್ತು. ಅದೂ ನನ್ನದೇ ತಪ್ಪು. ಹಣ ಕೊಟ್ಟೆ.

ಪ್ರತಿ ಮೂಲಪ್ರತಿ ಇಡುವ ಮುಂಚೆ ಅಣ್ಣ ಗಾಜು ಒರೆಸುತ್ತಿದ್ದರು. ಅಂಟಿಸಿದ ತುಂಡುಗಳು ಅಲ್ಲೊಂದು ಇಲ್ಲೊಂದು ಬೀಳುತ್ತಿದ್ದವು. ಬಿದ್ದದ್ದನ್ನು ನಾನು ಹೆಕ್ಕಿ ಮತ್ತೆ ಅಂಟಿಸುತ್ತಿದ್ದೆ. ಎಲ್ಲವನ್ನೂ ಹೆಕ್ಕಿದ್ದೇನೆ ಎಂದುಕೊಂಡಿದ್ದೆ.

ಹೊಲಿಗೆ

ಸಾಮಾನ್ಯ ಸ್ಟೇಪ್ಲರ್ ಎ5 ಪುಸ್ತಕದ ನಡುವಿನವರೆಗೆ ಮುಟ್ಟುವುದಿಲ್ಲ. ಉದ್ದ ಕೈಯ ಸ್ಟೇಪ್ಲರ್ ನನ್ನಲ್ಲಿ ಇಲ್ಲ. ಹೊಲಿಯುವ ಎಂದು ಕೂತೆ. ನನ್ನ ತಲೆಗೆ ಒಂದು ಘನ ಐಡಿಯಾ ಬಂತು: ಮಲ್ಲಿಗೆ ಕಟ್ಟುವ ಬಾಳೆನಾರಿನಲ್ಲಿ ಹೊಲಿದರೆ ಹೇಗೆ? ಶಂಕರಪುರ ಮಲ್ಲಿಗೆಯ ಚೆಂಡಿಗೆ ಕಟ್ಟುವ ಅದೇ ನಾರು. ಊರಿನ ವಾಸನೆ, ಊರಿನ ಝೀನ್, ಇತ್ಯಾದಿ.

ಒಣ ನಾರು ಎಳೆದ ಕೂಡಲೇ ತುಂಡಾಗುತ್ತದೆ. ನೆನೆಸಿದರೆ ಗಟ್ಟಿ, ಗಂಟು ಚೆಂದ ನಿಲ್ಲುತ್ತದೆ. ಆದರೆ ಒದ್ದೆ ನಾರು ಕಾಗದಕ್ಕೆ ಕಂದು ಕಲೆ ಬಿಟ್ಟಿತು, ಬಾಳೆಯ ಕಲೆ ಗೊತ್ತಲ್ಲ. ಎರಡು ದಿನ ಬಿಟ್ಟು ಒಣಗಿದಾಗ ಗಂಟು ಸಡಿಲವಾಗಿ ಪುಟ ಅಲ್ಲಾಡತೊಡಗಿತು. ನಾಲ್ಕು ಪ್ರತಿ ಹಾಗೆ ಹಾಳಾದವು. ಅವುಗಳ ನಾರು ಕಿತ್ತು ಮತ್ತೆ ಹೊಲಿದೆ. ಆ ನಾಲ್ಕರ ಬೆನ್ನಿನಲ್ಲಿ ಈಗಲೂ ಕಲೆ ಉಂಟು. ಅಮ್ಮ ದೂರದಿಂದ ನೋಡಿ, "ಹೂವಿಗೆ ಮಾಡಿದ್ದು ಹೂವಿಗೆ" ಎಂದು ಹೇಳಿ ಒಳಗೆ ಹೋದರು.

ಕೊನೆಗೆ ಅಟ್ಟದಿಂದ ದಬ್ಬಳ ಇಳಿಸಿದೆ. ಮಡಿಕೆಯ ಮೇಲೆ ಮೂರು ತೂತು: ನಡುವೆ ಒಂದು, ಮೇಲೆ ಕೆಳಗೆ ತಲಾ ಆರು ಸೆಂಟಿಮೀಟರ್ ದೂರದಲ್ಲಿ ಒಂದೊಂದು. ಅಡಿಗೆ ಹಳೇ ಟೆಲಿಫೋನ್ ಡೈರೆಕ್ಟರಿ. ದಪ್ಪ ಹತ್ತಿ ನೂಲನ್ನು ಒಳಗಿನಿಂದ ನಡುವಿನ ತೂತಿಗೆ ಹಾಕಿ ಹೊರಗೆ ಎಳೆದು, ಮೇಲಿನದರಿಂದ ಒಳಗೆ, ಅಲ್ಲಿಂದ ಸೀದಾ ಕೆಳಗಿನದರಿಂದ ಹೊರಗೆ, ಮತ್ತೆ ನಡುವಿನಿಂದ ಒಳಗೆ. ಉದ್ದ ಹೊಲಿಗೆ ಎರಡು ತುದಿಯ ನಡುವೆ ಬರಬೇಕು, ಗಂಟು ಅದರ ಮೇಲೆ ಕಟ್ಟಬೇಕು. ಹತ್ತನೇ ಪ್ರತಿಯವರೆಗೆ ಒಂದಕ್ಕೆ ಐದು ನಿಮಿಷ, ಆಮೇಲೆ ಎರಡು. ಎರಡು ರಾತ್ರಿ, ಪಕ್ಕದಲ್ಲಿ ಬನ್ಸ್ ಮತ್ತು ಚಹಾ. ಕೆಲವು ಪುಸ್ತಕದ ಮುಖಪುಟದಲ್ಲಿ ಎಣ್ಣೆ ಬೆರಳಿನ ಗುರುತು ಇರುವುದು ಅದಕ್ಕೇ. ಅದನ್ನು ಯಾರಾದರೂ ವಿನ್ಯಾಸ ಎಂದುಕೊಂಡರೆ ನನ್ನದೇನೂ ತಕರಾರಿಲ್ಲ.

ಒಟ್ಟು ಖರ್ಚು 1,090 ರೂಪಾಯಿ, ಒಂದಕ್ಕೆ 18 ಚಿಲ್ಲರೆ. ಶೋದಲ್ಲಿ 53 ಪ್ರತಿ ಹೋದವು. ಹಾಡಿನ ನಡುವೆ ಒಬ್ಬ ಅದನ್ನು ತಲೆಗೆ ಹಿಡಿದುಕೊಂಡು ಮಳೆಗೆ ಹೊರಗೆ ಓಡಿದ್ದನ್ನು ಕಣ್ಣಾರೆ ನೋಡಿದೆ. ಕಾಗದದ ಉಪಯೋಗ.

ಉಳಿದ ಏಳರಲ್ಲಿ ಒಂದನ್ನು ಅಮ್ಮ ಕನ್ನಡಕ ಹಾಕಿ ಮೊದಲಿನಿಂದ ಕೊನೆಯವರೆಗೆ ಓದಿದರು. ಏಳನೇ ಪುಟದಲ್ಲಿ ನಿಂತರು.

"ಚಪಲಿ ಅಂದರೆ ಎಂತ?"

"ಯಾವ ಚಪಲಿ?"

"ಚಪಲಿ ಕಾಣೆಯಾಗಿದೆ ಅಂತ ಬರೆದಿದ್ದೀಯಲ್ಲ. ಯಾರು ಅವಳು?"

ಕಿತ್ತುಕೊಂಡು ನೋಡಿದೆ. ಪಕಾರದ ಒತ್ತು ಇಲ್ಲ. ಅರವತ್ತರಲ್ಲಿ ಒಂದರಲ್ಲೂ ಇಲ್ಲ. ಐವತ್ತಮೂರು ಮನೆಗಳಿಗೆ ಚಪಲಿ ಹೋಗಿಯಾಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಉಳಿದ ಏಳು ಪ್ರತಿಗೆ ಮಾರ್ಕರಿನಲ್ಲಿ ಒತ್ತು ಹಾಕಿದೆ.

ಮರುವಾರ ಒಂದು ಗೃಹಪ್ರವೇಶದ ಕಾಗದದ ಪ್ರೂಫ್ ತೆಗೆಯಲು ಅಂಗಡಿಗೆ ಹೋದೆ. ಅಣ್ಣ ಡ್ರಾಯರ್ ಎಳೆದು ಒಂದು ಎ3 ಹಾಳೆ ಬಿಡಿಸಿ ಕೌಂಟರ್ ಮೇಲೆ ಹರಡಿದರು. ಯಾರದೋ ಹೊಸ ಮನೆಯ ಪ್ಲಾನ್. ಎ4 ಇಡುವಾಗ ಗಾಜಿನ ಆ ಕಡೆಯ ಅರ್ಧವನ್ನು ಯಾರು ನೋಡುತ್ತಾರೆ? ಅಲ್ಲೇ ಅಂಟಿ ಕೂತಿತ್ತು, ಎ3 ಬರುವವರೆಗೆ.

"ಇದು ನಿಮ್ಮದಾ ಅಕ್ಕ?" ಎಂದು ಬೆರಳಿಟ್ಟು ತೋರಿಸಿದರು. ಅಡುಗೆಮನೆಯ ನಟ್ಟ ನಡುವೆ, ತಲೆಕಟ್ಟು ಇಲ್ಲದ ಒಂದು ಸಣ್ಣ 'ಪ'. "ಅವರ ಇಂಜಿನಿಯರ್ ಫೋನ್ ಮಾಡಿದ್ದ. ಅಲ್ಲಿ ಸಿಂಕ್ ಬರಬೇಕಾ, ಒಲೆ ಬರಬೇಕಾ ಅಂತ ಕೇಳ್ತಿದ್ದ."